ಲೈನ್‌ಬ್ಯಾಕರ್ ಮಗ, ಮೂರು ಕಾಲೇಜು, ಒಂದು ತಲೆಪೆಟ್ಟು

ಪ್ರಶ್ನೆ: ನಾವು ಹಾಸನದ ಕಡೆಯವರು. ಟೆಕ್ಸಾಸಿನ ಡಲ್ಲಾಸ್ ಪಕ್ಕದ ಊರಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಮಗ ಇಲ್ಲೇ ಹುಟ್ಟಿದವನು. ಈಗ 17 ವರ್ಷ, ಹೈಸ್ಕೂಲಿನ ಕೊನೆಯ ವರ್ಷ. ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಲೈನ್‌ಬ್ಯಾಕರ್. ಆರು ಅಡಿ ಒಂದು ಇಂಚು, 90 ಕಿಲೊ. ಮೂರು ಕಾಲೇಜಿನಿಂದ ಕರೆ ಬಂದಿದೆ. ಒಂದು ದೊಡ್ಡ ವಿಶ್ವವಿದ್ಯಾಲಯ 'ಪ್ರಿಫರ್ಡ್ ವಾಕ್-ಆನ್' ಆಗಿ ಬಾ ಅಂದಿದೆ, ಅಂದರೆ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ, ಸ್ಕಾಲರ್‌ಶಿಪ್ ಇಲ್ಲ. ಎಫ್‌ಸಿಎಸ್ (ಡಿವಿಷನ್ 1ರ ಎರಡನೇ ಹಂತ) ಮಟ್ಟದ ಇನ್ನೊಂದು ಅರ್ಧ ಸ್ಕಾಲರ್‌ಶಿಪ್ ಕೊಡುತ್ತದೆ. ಮೂರನೆಯದು ಡಿವಿಷನ್ 3ರ ಚಿಕ್ಕ ಕಾಲೇಜು, ಎಂಜಿನಿಯರಿಂಗ್‌ಗೆ ಒಳ್ಳೆಯ ಹೆಸರಿದೆ. ದೊಡ್ಡ ಕಾಲೇಜಿನ ಕೋಚ್ ಒಬ್ಬರು ಆಗಸ್ಟ್ ಒಳಗೆ 104 ಕಿಲೊ ಆಗಬೇಕು ಅಂದಿದ್ದಾರೆ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುತ್ತೇವೆ, ಮಾಂಸ ಮಾಡುವುದಿಲ್ಲ. ಮೊದಲ ಎರಡು ವರ್ಷ ಬೆಂಚ್ ಮೇಲೆ ಕೂರಬೇಕಾಗಬಹುದಂತೆ, ಅದು ದಂಡ ಅಲ್ವಾ? ಇನ್ನೊಂದು ವಿಷಯ. ಅಕ್ಟೋಬರ್‌ನಲ್ಲಿ ಅವನಿಗೆ ತಲೆಗೆ ಪೆಟ್ಟು ಬಿದ್ದು ಕನ್ಕಶನ್ (ಮಿದುಳಿಗೆ ಆಘಾತ) ಆಗಿತ್ತು. ಒಂದು ದಿನ ಯಾರಿಗೂ ಹೇಳಿರಲಿಲ್ಲ. ಮಾರನೇ ದಿನ ಬೆಳಕು ನೋಡಲಾಗದೆ ಮಲಗಿದಾಗ ಗೊತ್ತಾಯಿತು. ಎರಡೂವರೆ ವಾರ ಆಡಲಿಲ್ಲ, ಈಗ ಸರಿಯಾಗಿದ್ದಾನೆ. ನಮ್ಮ ಯಜಮಾನರು 'ಸಾಕು, ಓದು' ಅನ್ನುತ್ತಾರೆ. ಮಗ ಅವರ ಜೊತೆ ಮಾತು ಬಿಟ್ಟಿದ್ದಾನೆ. ಏನು ಮಾಡಲಿ?

ಉತ್ತರ: ನೀವು ತೂಕ ಕೇಳಿದ್ದೀರಿ, ಊಟ ಕೇಳಿದ್ದೀರಿ, ಬೆಂಚು ಕೇಳಿದ್ದೀರಿ, ಕಾಲೇಜು ಕೇಳಿದ್ದೀರಿ. ಎಲ್ಲಕ್ಕೂ ಹೇಳುತ್ತೇನೆ. ಆದರೆ ಪತ್ರ ಓದುವಾಗ ನಾನು ನಿಂತದ್ದು ಒಂದೇ ಸಾಲಿನಲ್ಲಿ. 'ಒಂದು ದಿನ ಯಾರಿಗೂ ಹೇಳಿರಲಿಲ್ಲ.' ತಲೆಗೆ ಪೆಟ್ಟು ಬಿದ್ದದ್ದಕ್ಕಿಂತ ಅದನ್ನು ಮುಚ್ಚಿಟ್ಟದ್ದು ನನ್ನನ್ನು ಜಾಸ್ತಿ ಕಾಡಿತು. ಕಾಲೇಜು ಆರಿಸುವ ಪ್ರಶ್ನೆಯೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ನಾನು ಅಮೆರಿಕದ ಕಾಲೇಜು ತಂಡಗಳಲ್ಲಿ ಅಥ್ಲೆಟಿಕ್ ಟ್ರೈನರ್ ಆಗಿ ಇಪ್ಪತ್ತು ವರ್ಷದ ಹತ್ತಿರ ಕೆಲಸ ಮಾಡಿದವನು. ಊರಿನಲ್ಲಿ ನಮ್ಮ ಚಿಕ್ಕಪ್ಪ ಇವತ್ತಿಗೂ ನಾನು ಜಿಮ್ ಮೇಷ್ಟ್ರು ಅಂದುಕೊಂಡಿದ್ದಾರೆ. ಅಲ್ಲ. ಆಟಗಾರ ಬಿದ್ದಾಗ ಮೈದಾನಕ್ಕೆ ಮೊದಲು ಓಡುವವನು, ಕಾಲಿಗೆ ಪಟ್ಟಿ ಸುತ್ತುವವನು, 'ಇವನು ಇವತ್ತು ಆಡುವ ಹಾಗಿಲ್ಲ' ಅಂತ ಕೋಚ್‌ಗೆ ಹೇಳಿ ಬೈಸಿಕೊಳ್ಳುವವನು, ಅದು ನನ್ನ ಕೆಲಸ. ಆದ್ದರಿಂದ ಆಟದ ತಂತ್ರದ ಬಗ್ಗೆ ಕೋಚ್‌ಗಳಷ್ಟು ಹೇಳಲಾರೆ. ಹುಡುಗರು ಎಲ್ಲಿ ಬೆಳೆಯುತ್ತಾರೆ, ಎಲ್ಲಿ ಮುರಿಯುತ್ತಾರೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ನಿಮ್ಮ ಯಜಮಾನರಿಗೆ ಈ ಆಟ ಬರೀ ಗುದ್ದಾಟದ ಹಾಗೆ ಕಾಣುತ್ತಿರಬಹುದು. ಮೊದಲು ಅವರಿಗಾಗಿ ಎರಡು ಮಾತು. ಒಂದೊಂದು ಕಡೆ ಹನ್ನೊಂದು ಜನ. ತಡೆಯುವ ತಂಡದಲ್ಲಿ ಮುಂದಿನ ಸಾಲಿನಲ್ಲಿ ಆನೆಯಂಥವರು ಮೂರೋ ನಾಲ್ಕೋ ಜನ ಬಗ್ಗಿ ಕೂತಿರುತ್ತಾರೆ. ತುಂಬಾ ಹಿಂದೆ ಚಿರತೆಯಂಥ ಓಟಗಾರರು. ನಡುವೆ ನಿಲ್ಲುವವರು ಲೈನ್‌ಬ್ಯಾಕರ್‌ಗಳು. ಎದುರಾಳಿ ಚೆಂಡು ಹಿಡಿದು ಓಡಿದರೆ ಇವರೇ ನುಗ್ಗಿ ಕೆಡವಬೇಕು. ಎಸೆದರೆ ಇವರೇ ಹಿಂದಕ್ಕೆ ಓಡಿ ಹಿಡಿಯುವವನನ್ನು ಕಾಯಬೇಕು. ಆನೆಯ ಕೆಲಸವೂ ಮಾಡಬೇಕು, ಚಿರತೆಯ ಕೆಲಸವೂ ಮಾಡಬೇಕು. ನಡುಮಧ್ಯದಲ್ಲಿ ನಿಲ್ಲುವವನಿಗೆ 'ಮೈಕ್' ಅನ್ನುತ್ತಾರೆ. ಹನ್ನೊಂದು ಜನಕ್ಕೂ ಕೂಗಿ ಜಾಗ ತೋರಿಸುವವನು ಸಾಮಾನ್ಯವಾಗಿ ಅವನೇ. 2024ರಿಂದ ದೊಡ್ಡ ಕಾಲೇಜುಗಳ ಆಟದಲ್ಲಿ ಕೋಚ್ ಒಬ್ಬ ಡಿಫೆನ್ಸ್ ಆಟಗಾರನ ಹೆಲ್ಮೆಟ್ಟಿನೊಳಗೆ ರೇಡಿಯೊದಲ್ಲಿ ಮಾತಾಡಬಹುದು. ಆದರೆ ಚೆಂಡು ಆಟಕ್ಕೆ ಬರುವ ಮೊದಲು ಓಡುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ದನಿ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಅವನ ಕಣ್ಣೇ ಗತಿ.

ಕಣ್ಣು ಅಂದೆ. ಕಬಡ್ಡಿ ನೆನಪಿಸಿಕೊಳ್ಳಿ. ಕಾರ್ನರ್‌ನಲ್ಲಿ ನಿಂತವನು ರೈಡರ್‌ನ ಮುಖ ನೋಡಿದರೆ ಕೆಟ್ಟ. ಸೊಂಟ ನೋಡಬೇಕು, ಕಾಲು ನೋಡಬೇಕು. ಲೈನ್‌ಬ್ಯಾಕರ್ ಕೂಡ ಹಾಗೇ, ಚೆಂಡು ನೋಡುತ್ತಾ ನಿಂತರೆ ತಡವಾಯಿತು. ಅವನು ನೋಡಬೇಕಾದ್ದು ಎದುರಿಗಿರುವ ಗಾರ್ಡ್‌ನ, ಅಂದರೆ ಎದುರಾಳಿಯ ಮುಂದಿನ ಸಾಲಿನ ಆಟಗಾರನ ಮೊದಲ ಹೆಜ್ಜೆ. ಗಾರ್ಡ್ ಮುಂದಕ್ಕೆ ನುಗ್ಗಿದನೋ, ಓಟ ಬರುತ್ತಿದೆ. ಹಿಂದಕ್ಕೆ ಜರುಗಿ ಕೂತನೋ, ಎಸೆತ. ಸಾಲು ಬಿಟ್ಟು ಪಕ್ಕಕ್ಕೆ ಹೊರಟನೋ, ಹೆಚ್ಚಿನ ಸಲ ಚೆಂಡೂ ಆ ಕಡೆಗೇ. ಇದೆಲ್ಲ ಅರ್ಧ ಸೆಕೆಂಡಿನಲ್ಲಿ ಆಗಬೇಕು. ಇದರ ಮೇಲೆ ಈಗ ಎಲ್ಲಾ ಕಡೆ ಆಡುವ 'ಆರ್‌ಪಿಒ' ಅನ್ನುವ ಕಳ್ಳಾಟ ಬೇರೆ. ಗಾರ್ಡ್ ಓಟದ ಹಾಗೆ ನುಗ್ಗುತ್ತಾನೆ, ಲೈನ್‌ಬ್ಯಾಕರ್ ನಂಬಿ ಒಂದು ಹೆಜ್ಜೆ ಮುಂದಿಟ್ಟ ಅಂದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಅವನು ಬಿಟ್ಟುಬಂದ ಜಾಗಕ್ಕೇ ಎಸೆಯುತ್ತಾನೆ. ಹೈಸ್ಕೂಲಿನಲ್ಲಿ ನಿಮ್ಮ ಮಗ ಬಹುಶಃ ಮೈಬಲ, ಓಟದಿಂದಲೇ ಈ ತಪ್ಪು ಸರಿಪಡಿಸಿಕೊಂಡಿದ್ದಾನೆ. ಕಾಲೇಜಿನಲ್ಲಿ ಎಲ್ಲರೂ ಅಷ್ಟೇ ಜೋರಾಗಿ ಓಡುತ್ತಾರೆ. ತಪ್ಪು ಹೆಜ್ಜೆ ವಾಪಸ್ ಬರುವುದಿಲ್ಲ.

ಈ ಕಣ್ಣು ಕಲಿಯುವುದಕ್ಕೇ ಎರಡು ವರ್ಷ ಬೇಕು. ಬೆಂಚು ದಂಡವೇ ಅಂತ ಕೇಳಿದ್ದಿರಲ್ಲ, ಉತ್ತರ ಇಲ್ಲಿದೆ.

ಕಾಲೇಜು ಆಟದ ಮೇಲಿನ ಮಟ್ಟವಾದ ಡಿವಿಷನ್ 1ರಲ್ಲಿ 'ರೆಡ್‌ಶರ್ಟ್' ಅನ್ನುವ ಪದ್ಧತಿ ಇದೆ. ಒಂದು ವರ್ಷ ತಂಡದ ಜೊತೆ ಅಭ್ಯಾಸ ಮಾಡಿ, ಪಂದ್ಯ ಆಡದೆ ಇದ್ದರೆ ಆ ವರ್ಷ ಆಟದ ಲೆಕ್ಕಕ್ಕೆ ಬರುವುದಿಲ್ಲ. 2018ರಲ್ಲಿ ಬಂದ ನಿಯಮದ ಪ್ರಕಾರ ನಾಲ್ಕು ಪಂದ್ಯದವರೆಗೆ ಆಡಿದರೂ ಪರವಾಗಿಲ್ಲ. ಇಂಥ ನಿಯಮಗಳು ಈಚೆಗೆ ವರ್ಷವರ್ಷವೂ ಅಲ್ಲಾಡುತ್ತಿವೆ, ಅವನು ಸೇರುವ ವರ್ಷ ಏನಿದೆ ಅಂತ ನಿಯಮ ಪಾಲನೆ ನೋಡಿಕೊಳ್ಳುವ, ಕಾಲೇಜಿನ ಕಂಪ್ಲಯನ್ಸ್ ಕಚೇರಿಯಲ್ಲೇ ಕೇಳಿ. ನಾನು ಹೇಳಬೇಕಾದ್ದು ಬೇರೆ. ಲೈನ್‌ಬ್ಯಾಕರ್‌ಗಳ ವಿಷಯದಲ್ಲಿ ಕಾಯುವ ವರ್ಷ ಕೆಲಸಕ್ಕೆ ಬಂದಷ್ಟು ಬೇರೆ ಜಾಗದವರಿಗೆ ಬಂದದ್ದು ನಾನು ನೋಡಿಲ್ಲ.

ಲೇಟನ್ ವ್ಯಾಂಡರ್ ಎಶ್ ಅಂತ ಒಬ್ಬ. ಐಡಹೊ ರಾಜ್ಯದ ರಿಗ್ಗಿನ್ಸ್ ಅನ್ನುವ ಹಳ್ಳಿ. ಶಾಲೆ ಎಷ್ಟು ಚಿಕ್ಕದು ಅಂದರೆ ಹನ್ನೊಂದು ಜನರ ತಂಡ ಕಟ್ಟಲಾಗದೆ ಎಂಟು ಜನರ ಫುಟ್‌ಬಾಲ್ ಆಡುತ್ತಿದ್ದರು. ಬೊಯ್ಸಿ ಸ್ಟೇಟ್‌ಗೆ ವಾಕ್-ಆನ್ ಆಗಿಯೇ ಹೋದ. ಮೊದಲ ವರ್ಷ ರೆಡ್‌ಶರ್ಟ್. 2017ರಲ್ಲಿ ಪೂರ್ತಿಯಾಗಿ ಜಾಗ ಸಿಕ್ಕಾಗ 141 ಟ್ಯಾಕಲ್, ಅಂದರೆ ಅಷ್ಟು ಸಲ ಎದುರಾಳಿಯನ್ನು ಹಿಡಿದು ಕೆಡವಿದ. 2018ರಲ್ಲಿ ವೃತ್ತಿಪರ ಲೀಗ್ ಎನ್ಎಫ್ಎಲ್‌ನ ಡಲ್ಲಾಸ್ ಕೌಬಾಯ್ಸ್, ನಿಮ್ಮೂರಿನವರೇ, ಕಾಲೇಜು ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಅವನನ್ನು ಮೊದಲ ಸುತ್ತಿನಲ್ಲಿ 19ನೆಯವನಾಗಿ ತೆಗೆದುಕೊಂಡರು. ಇನ್ನೊಬ್ಬ ಕ್ಲೇ ಮ್ಯಾಥ್ಯೂಸ್. ಯುಎಸ್‌ಸಿ ಅನ್ನುವ ದೊಡ್ಡ ವಿಶ್ವವಿದ್ಯಾಲಯಕ್ಕೆ ವಾಕ್-ಆನ್ ಆಗಿ ಬಂದು, ಕೊನೆಯ ವರ್ಷದವರೆಗೆ ಆರಂಭದ ಹನ್ನೊಂದರಲ್ಲಿ ಜಾಗವೇ ಇರಲಿಲ್ಲ. 2009ರಲ್ಲಿ ಎನ್ಎಫ್ಎಲ್‌ನ ಗ್ರೀನ್ ಬೇ ತಂಡ ಅವನನ್ನೂ ಮೊದಲ ಸುತ್ತಿನಲ್ಲೇ ಆರಿಸಿತು. ಅಷ್ಟು ವರ್ಷ ಇವರು ಸುಮ್ನೆ ಕೂತಿರಲಿಲ್ಲ. ಕಿಕ್‌ಆಫ್, ಪಂಟ್ ಅಂತ ಚೆಂಡು ಒದೆಯುವ ಹೊತ್ತಿನಲ್ಲಿ ಇಳಿಯುವ 'ಸ್ಪೆಷಲ್ ಟೀಮ್ಸ್' ಇರುತ್ತದಲ್ಲ, ಎಳೆಯ ಲೈನ್‌ಬ್ಯಾಕರ್‌ಗಳು ಹೆಸರು ಮಾಡುವುದು ಅಲ್ಲೇ.

ಕಾಯದೆ ಮೇಲೆ ಬಂದವರೂ ಇದ್ದಾರೆ. ಲೂಕ್ ಕೀಕ್ಲಿಯನ್ನು ಬಾಸ್ಟನ್ ಕಾಲೇಜು ಕರೆದುಕೊಂಡಾಗ ಅವನೇನೂ ದೇಶದ ಮೊದಲ ಸಾಲಿನ ಹುಡುಗ ಅಲ್ಲ. ಅಲ್ಲಿ ಮಾರ್ಕ್ ಹರ್ಜ್‌ಲಿಕ್ ಅನ್ನುವ ಹೆಸರಾಂತ ಲೈನ್‌ಬ್ಯಾಕರ್ ಇದ್ದ. 2009ರಲ್ಲಿ ಅವನಿಗೆ ಮೂಳೆ ಕ್ಯಾನ್ಸರ್ ಅಂತ ಗೊತ್ತಾಯಿತು. ತೆರವಾದ ಜಾಗಕ್ಕೆ ಕೀಕ್ಲಿ ಬಂದ. ಮೊದಲ ವರ್ಷ 158, ಎರಡನೇ ವರ್ಷ 183, ಮೂರನೇ ವರ್ಷ 191 ಟ್ಯಾಕಲ್. ಒಟ್ಟು 532. (ಹರ್ಜ್‌ಲಿಕ್ ಗುಣವಾಗಿ ಮತ್ತೆ ಆಡಿದ, ಎನ್ಎಫ್ಎಲ್‌ಗೂ ಹೋದ. ಆ ಕಥೆ ನನಗೆ ಕೀಕ್ಲಿಯ ಕಥೆಗಿಂತ ಇಷ್ಟ.) ಕೀಕ್ಲಿಯನ್ನು ಎಲ್ಲರೂ ನೆನಪಿಡುವುದು ಎದುರಾಳಿ ಚೆಂಡು ಎತ್ತುವ ಮೊದಲೇ ಅವರು ಏನು ಆಡುತ್ತಾರೆ ಅಂತ ಕೂಗಿ ಹೇಳುತ್ತಿದ್ದದ್ದಕ್ಕೆ. ತಾಸುಗಟ್ಟಲೆ ವಿಡಿಯೊ ನೋಡಿ ಗಳಿಸಿದ ಕಣ್ಣು ಅದು.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟ್ಯಾಕಲ್ ಎಣಿಕೆ ನೋಡಿ ಮರುಳಾಗಬೇಡಿ. ಎದುರಾಳಿ ಎಂಟು ಗಜ ಓಡಿದ ಮೇಲೆ ಹಿಡಿದರೂ ಒಂದು ಟ್ಯಾಕಲ್, ಒಂದೇ ಗಜದಲ್ಲಿ ಕೆಡವಿದರೂ ಒಂದು ಟ್ಯಾಕಲ್. ತಂಡ ಕೆಟ್ಟದಾಗಿದ್ದರೆ ಲೈನ್‌ಬ್ಯಾಕರ್‌ನ ಎಣಿಕೆ ತಾನಾಗಿಯೇ ಏರುತ್ತದೆ. ಕೋಚ್‌ಗಳು ನೋಡುವುದು ಮೊದಲ ಹೆಜ್ಜೆ ಎಷ್ಟು ಸಲ ಸರಿ ಬಿತ್ತು ಅನ್ನುವುದನ್ನು.

ತೂಕಕ್ಕೆ ಬರೋಣ. ಏಳೆಂಟು ತಿಂಗಳಲ್ಲಿ 14 ಕಿಲೊ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ದೊಡ್ಡ ಕಾಲೇಜುಗಳಲ್ಲಿ ಲೈನ್‌ಬ್ಯಾಕರ್‌ಗಳು 102ರಿಂದ 109 ಕಿಲೊ ಆಸುಪಾಸು ಇರುತ್ತಾರೆ ಅನ್ನುವುದು ನಿಜ. ಆದರೆ ಅವರು ಇಪ್ಪತ್ತು, ಇಪ್ಪತ್ತೊಂದು ವರ್ಷದವರು. ಅವಸರದಲ್ಲಿ ಏರಿದ ತೂಕದಲ್ಲಿ ಅರ್ಧಕ್ಕರ್ಧ ಕೊಬ್ಬು. ನಾನಿದ್ದ ಒಂದು ತಂಡದಲ್ಲಿ ಒಬ್ಬ ಹುಡುಗ ಹೀಗೇ ಬೇಸಿಗೆಯಲ್ಲಿ ತಿಂದು ತಿಂದು ಉಬ್ಬಿ ಬಂದ. ಬಂದ ಎರಡನೇ ವಾರಕ್ಕೆ ತೊಡೆಯ ಹಿಂದಿನ ಸ್ನಾಯು ಹರಿಯಿತು. ವಾಸಿಯಾಗಿ ಬಂದಾಗ ಪಕ್ಕಕ್ಕೆ ಓಡುವ ಚುರುಕೇ ಹೋಗಿತ್ತು. ಲೈನ್‌ಬ್ಯಾಕರ್ ಅಂತ ಕರೆದವರೇ ಅವನನ್ನು ಮುಂದಿನ ಸಾಲಿಗೆ ತಳ್ಳಿದರು. ಅಲ್ಲಿ ಅವನು ಎಲ್ಲರಿಗಿಂತ ಚಿಕ್ಕವನು. ಇನ್ನೊಂದು ವರ್ಷಕ್ಕೆ ಆಟವನ್ನೇ ಬಿಟ್ಟ.

ಆಗಸ್ಟ್ ಹೊತ್ತಿಗೆ ಐದಾರು ಕಿಲೊ ಏರಿದರೆ ಸಾಕು. ಉಳಿದದ್ದು ಎರಡು ಮೂರು ವರ್ಷದಲ್ಲಿ ಬರಲಿ. ಏರಿಸುತ್ತಾ ಹೋಗುವಾಗ ಓಟದ ಸಮಯವನ್ನೂ ಬರೆದಿಡಿ. ತೂಕ ಏರಿ ಓಟ ನಿಧಾನವಾಗುತ್ತಿದ್ದರೆ ಅಲ್ಲಿಗೆ ನಿಲ್ಲಿಸಬೇಕು. 'ಭಾರ ಎತ್ತಿದರೆ ಎತ್ತರ ನಿಲ್ಲುತ್ತೆ' ಅಂತ ಅಜ್ಜಿಯೋ ಅತ್ತೆಯೋ ಹೇಳುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಗೊತ್ತಿರುವವರು ಪಕ್ಕದಲ್ಲಿ ನಿಂತು ಕಲಿಸಿದರೆ ಏನೂ ಆಗುವುದಿಲ್ಲ.

ಮಾಂಸ ತಿನ್ನದೆ ಆಗುತ್ತದೆಯೇ? ಆಗುತ್ತದೆ, ಆದರೆ ನಮ್ಮ ಮಾಮೂಲಿ ಊಟದಲ್ಲಿ ಆಗುವುದಿಲ್ಲ. ಅವನ ಗಾತ್ರಕ್ಕೆ ದಿನಕ್ಕೆ 150 ಗ್ರಾಂ ಮೇಲೆ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ ಹತ್ತು ಗ್ರಾಂ ಹತ್ತಿರ, ನಮ್ಮ ತಿಳಿಸಾರಿನಲ್ಲಿ ಅದೂ ಇಲ್ಲ. ಅನ್ನ, ಮುದ್ದೆ, ಚಪಾತಿ ಓಡಲು ಶಕ್ತಿ ಕೊಡುತ್ತವೆ, ಅವನ್ನು ಬಿಡಿಸಬೇಡಿ. ಜೊತೆಗೆ ಪ್ರತಿ ಊಟದಲ್ಲೂ ಮೊಟ್ಟೆ, ಪನೀರ್, ತೋಫು, ಗಟ್ಟಿ ಗ್ರೀಕ್ ಮೊಸರು, ಕಾಳಿನ ಉಸ್ಲಿ, ಇವುಗಳಲ್ಲಿ ಎರಡಾದರೂ ಇರಲಿ. ವೇ ಪ್ರೋಟೀನ್ ಹಾಲಿನಿಂದ ಮಾಡಿದ್ದೇ. ಡಬ್ಬಿಯಲ್ಲಿ ಸಿಗುವ ಯಾವುದನ್ನೇ ಕೊಂಡರೂ 'ಎನ್ಎಸ್ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್' ಮುದ್ರೆ ಇದೆಯೇ ನೋಡಿ. ನಿಷೇಧಿತ ಪದಾರ್ಥ ಬೆರೆತ ಪುಡಿ ತಿಂದು ಒಂದು ಇಡೀ ವರ್ಷ ಕಳೆದುಕೊಂಡವರಿದ್ದಾರೆ. ಸೇರುವ ಮೊದಲು ವಿಟಮಿನ್ ಡಿ, ಕಬ್ಬಿಣಾಂಶ ನೋಡಿಸಿ. ಕಾಲೇಜು ಹೇಗೂ ಸಿಕಲ್ ಸೆಲ್ (ವಂಶದಿಂದ ಬರುವ ರಕ್ತದ ದೋಷ) ಪರೀಕ್ಷೆಯ ಫಲಿತಾಂಶ ಕೇಳುತ್ತದೆ, ಡಿವಿಷನ್ 1ರಲ್ಲಿ 2010ರಿಂದ ಇದೆ. 'ಅದು ನಮ್ಮವರಿಗೆ ಬರಲ್ಲ' ಅಂತ ಅಂದುಕೊಳ್ಳಬೇಡಿ. ಭಾರತದಲ್ಲೂ ಇದೆ.

ನಮ್ಮವರು ಈ ಜಾಗದಲ್ಲಿ ಆಡಿದ್ದೇ ಇಲ್ಲವಾ ಅಂತ ನಿಮ್ಮ ಯಜಮಾನರು ಕೇಳಬಹುದು. ಬ್ರ್ಯಾಂಡನ್ ಚಿಲ್ಲರ್ ಹೆಸರು ಹೇಳಿ. ತಂದೆಯ ಕಡೆಯಿಂದ ಭಾರತೀಯ ಮೂಲ. ಯುಸಿಎಲ್ಎಯಲ್ಲಿ ಲೈನ್‌ಬ್ಯಾಕರ್. 2004ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ನಾಲ್ಕನೇ ಸುತ್ತಿನಲ್ಲಿ ತೆಗೆದುಕೊಂಡಿತು, ಆಮೇಲೆ ಗ್ರೀನ್ ಬೇ ಪರವಾಗಿಯೂ ಆಡಿದ. ಹಾಗಂತ ಎನ್ಎಫ್ಎಲ್ ಕನಸಿನ ಮೇಲೆ ಕಾಲೇಜು ಆರಿಸಬೇಡಿ. ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಕೊಡುವ ಲೆಕ್ಕದ ಪ್ರಕಾರ ಹೈಸ್ಕೂಲಿನಲ್ಲಿ ಆಡುವ ನೂರರಲ್ಲಿ ಏಳು ಜನ ಕಾಲೇಜು ತಂಡ ಸೇರುತ್ತಾರೆ. ಕಾಲೇಜಿನಿಂದ ಎನ್ಎಫ್ಎಲ್ ಡ್ರಾಫ್ಟ್‌ಗೆ ನೂರಕ್ಕೆ ಇಬ್ಬರೂ ಇಲ್ಲ. ಮೊದಲ ಜರಡಿಯನ್ನು ನಿಮ್ಮ ಮಗ ದಾಟಿದ್ದಾನೆ. ಅದೇ ದೊಡ್ಡದು.

ಇನ್ನು ತಲೆ.

ಕನ್ಕಶನ್ ಅಂದರೆ ಪ್ರಜ್ಞೆ ತಪ್ಪಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಹತ್ತರಲ್ಲಿ ಒಂಬತ್ತು ಸಲ ಪ್ರಜ್ಞೆ ಇದ್ದೇ ಇರುತ್ತದೆ. ಒಳ್ಳೆಯ ಹೆಲ್ಮೆಟ್ ಕೊಡಿಸಿದರೆ ಆಗುವುದಿಲ್ಲ ಅನ್ನುವುದು ಇನ್ನೊಂದು. ಹೆಲ್ಮೆಟ್ ಬುರುಡೆ ಒಡೆಯದ ಹಾಗೆ ಕಾಯುತ್ತದೆ. ಬುರುಡೆಯ ಒಳಗೆ ಮಿದುಳು ಅಲ್ಲಾಡುವುದನ್ನು ಪೂರ್ತಿ ತಡೆಯಲಾರದು. ಡಬ್ಬಿಯೊಳಗೆ ಬೆಣ್ಣೆ ಉಂಡೆ ಇಟ್ಟು ಅಲ್ಲಾಡಿಸಿದ ಹಾಗೆ. ಒಂದೇ ಒಂದು ಕನ್ಕಶನ್, ಎರಡೂವರೆ ವಾರದಲ್ಲಿ ಪೂರ್ತಿ ವಾಸಿ ಅಂದರೆ ಅದೊಂದೇ ಕಾರಣಕ್ಕೆ ಆಟ ಬಿಡಿ ಅಂತ ಬಹುತೇಕ ವೈದ್ಯರು ಹೇಳುವುದಿಲ್ಲ. ಮುಂದೆ ಇನ್ನೊಂದು ಆಗುವ ಸಾಧ್ಯತೆ ಸ್ವಲ್ಪ ಜಾಸ್ತಿ, ಅದು ನಿಜ. ದೊಡ್ಡ ಅಪಾಯ ಮೊದಲನೆಯದು ವಾಸಿಯಾಗುವ ಮೊದಲೇ ಎರಡನೆಯದು ಬೀಳುವುದು. ಎಳೆಯ ಮಿದುಳಿನಲ್ಲಿ ಅದು ಪ್ರಾಣಕ್ಕೇ ಬರಬಹುದು. ನಿಮ್ಮ ಮಗ ಮುಚ್ಚಿಟ್ಟ ಆ ಒಂದು ದಿನ ಅಭ್ಯಾಸಕ್ಕೆ ಇಳಿದಿದ್ದನೇ? ಬೈಯದೆ ಕೇಳಿ ತಿಳಿದುಕೊಳ್ಳಿ.

ಸಿಟಿಇ ಅನ್ನುವ ಮಿದುಳಿನ ಕಾಯಿಲೆ ಬಗ್ಗೆ ನಿಮ್ಮ ಯಜಮಾನರು ಓದಿರುತ್ತಾರೆ. ಬಾಸ್ಟನ್ ವಿಶ್ವವಿದ್ಯಾಲಯದವರು 2017ರಲ್ಲಿ ಸತ್ತ ಮೇಲೆ ದಾನವಾಗಿ ಬಂದ 202 ಆಟಗಾರರ ಮಿದುಳು ನೋಡಿ, 177ರಲ್ಲಿ ಸಿಟಿಇ ಕಂಡರು. ಕಾಲೇಜು ಮಟ್ಟದವರೆಗೆ ಆಡಿದ 53 ಜನರಲ್ಲಿ 48. ಕೇಳಿದರೆ ಎದೆ ಝಲ್ ಅನ್ನುತ್ತದೆ. ಆದರೆ ಮಿದುಳು ದಾನ ಕೊಟ್ಟವರಲ್ಲಿ ಹೆಚ್ಚಿನವರು 'ಇವರಿಗೆ ಏನೋ ಆಗಿತ್ತು' ಅಂತ ಮೊದಲೇ ಅನುಮಾನ ಇದ್ದ ಮನೆಯವರು. ಆದ್ದರಿಂದ ಆಡಿದವರೆಲ್ಲರಲ್ಲೂ ಇಷ್ಟೇ ಪಾಲು ಇದೆ ಅಂತ ಲೆಕ್ಕ ಹಾಕುವ ಹಾಗಿಲ್ಲ. ಬದುಕಿದ್ದಾಗ ಖಚಿತವಾಗಿ ಪತ್ತೆ ಮಾಡುವ ಪರೀಕ್ಷೆಯೂ ಇಲ್ಲ. 2019ರಲ್ಲಿ ಅವರೇ ಇನ್ನೊಂದು ಲೆಕ್ಕ ಕೊಟ್ಟರು: ಆಡಿದ ಪ್ರತಿ ವರ್ಷಕ್ಕೂ ಅಪಾಯ ಹಿಂದಿನದಕ್ಕಿಂತ ಸುಮಾರು 30% ಏರುತ್ತಾ ಹೋಗುತ್ತದೆ. ನನ್ನ ಮಟ್ಟಿಗೆ ಇದು ಮುಖ್ಯವಾದದ್ದು. ಎಣಿಸಬೇಕಾದ್ದು ಕನ್ಕಶನ್ ಒಂದನ್ನೇ ಅಲ್ಲ. ವರ್ಷಗಳನ್ನು, ಆ ವರ್ಷಗಳಲ್ಲಿ ತಿಂದ ಚಿಕ್ಕಪುಟ್ಟ ಸಾವಿರಾರು ಪೆಟ್ಟುಗಳನ್ನು ಎಣಿಸಬೇಕು. ಲೈನ್‌ಬ್ಯಾಕರ್‌ಗೆ ಆ ಪೆಟ್ಟು ಹೆಚ್ಚುಕಡಿಮೆ ಪ್ರತಿ ಆಟದಲ್ಲೂ ಇದೆ.

ಆ ಪೆಟ್ಟು ಎಲ್ಲಿ ಬೀಳುತ್ತದೆ ಗೊತ್ತಾ? ಶನಿವಾರದ ಪಂದ್ಯದಲ್ಲಿ ಅಂತ ಎಲ್ಲರ ಎಣಿಕೆ. 2021ರಲ್ಲಿ ಬಂದ, ಕಾಲೇಜು ತಂಡಗಳ ಮೇಲಿನ ಅಧ್ಯಯನದಲ್ಲಿ ಕನ್ಕಶನ್‌ಗಳ ಪೈಕಿ ನಾಲ್ಕರಲ್ಲಿ ಸುಮಾರು ಮೂರು ಆದದ್ದು ಅಭ್ಯಾಸದಲ್ಲಿ. ಆಗಸ್ಟ್ ತಿಂಗಳ ಶಿಬಿರವೇ ಎಲ್ಲಕ್ಕಿಂತ ಕೆಟ್ಟದ್ದು. ಹಾಗಾಗಿ ಕಾಲೇಜಿಗೆ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ, ವಾರದಲ್ಲಿ ಎಷ್ಟು ದಿನ ಮೈಮೇಲೆ ಬಿದ್ದು ಅಭ್ಯಾಸ ಮಾಡಿಸುತ್ತೀರಿ?

ಕುತ್ತಿಗೆಯ ಬಗ್ಗೆಯೂ ಎರಡು ಮಾತು. ಹೆಲ್ಮೆಟ್ ಮುಂದೆ ಮಾಡಿ ಗುದ್ದುವುದನ್ನು 1976ರಲ್ಲೇ ನಿಷೇಧಿಸಿದರು. ಅಲ್ಲಿಂದ ಕುತ್ತಿಗೆ ಮುರಿದು ಕೈಕಾಲು ಬಿದ್ದುಹೋಗುವವರ ಸಂಖ್ಯೆ ಥಟ್ಟನೆ ಇಳಿಯಿತು. ಟ್ಯಾಕಲ್ ಮಾಡುವಾಗ ನಿಮ್ಮ ಮಗನ ತಲೆ ಎಲ್ಲಿರುತ್ತದೆ? ಅವನ ವಿಡಿಯೊ ಹಾಕಿಸಿ ನೀವೇ ನೋಡಿ. ಕಣ್ಣು ಮೇಲಿದ್ದು ಭುಜ ಮೊದಲು ತಾಗಬೇಕು. ಡಿಕ್ಕಿಯಾದಾಗ ಒಂದು ಕೈಗೆ ಕರೆಂಟ್ ಹೊಡೆದ ಹಾಗೆ ಉರಿ ಹರಿದರೆ ಅದಕ್ಕೆ ಸ್ಟಿಂಗರ್ ಅನ್ನುತ್ತಾರೆ. ಈ ಆಟದಲ್ಲಿ ಆಗುವಂಥದ್ದೇ, ಆದರೂ ಪ್ರತಿ ಸಲವೂ ಹೇಳಲೇಬೇಕು. ಎರಡೂ ಕೈಗೆ ಅಥವಾ ಕಾಲಿಗೆ ಹರಿದರೆ ಅವತ್ತೇ ಆಸ್ಪತ್ರೆ. ವ್ಯಾಂಡರ್ ಎಶ್‌ಗೆ ಬೆನ್ನುಹುರಿ ಹಾಯುವ ದಾರಿ ಹುಟ್ಟಿನಿಂದಲೇ ಕಿರಿದಾಗಿತ್ತು. ಕುತ್ತಿಗೆಯ ತೊಂದರೆಯಿಂದಲೇ 2024ರಲ್ಲಿ, 28ನೇ ವಯಸ್ಸಿಗೆ ನಿವೃತ್ತನಾದ. ಕೀಕ್ಲಿ ಬಿಟ್ಟದ್ದೂ 2020ರಲ್ಲಿ, 28ನೇ ವಯಸ್ಸಿನಲ್ಲೇ. ಮೂರು ಕನ್ಕಶನ್ ಆಗಿದ್ದವು.

ಈಗ ಮುಚ್ಚಿಡುವ ವಿಷಯ. ನಮ್ಮಲ್ಲಿ ಪ್ರತಿ ಹುಡುಗನಿಗೂ ಸೀಸನ್ ಮೊದಲು ಕಂಪ್ಯೂಟರ್ ಮುಂದೆ ಕೂರಿಸಿ ನೆನಪು, ಚುರುಕು ಅಳೆಯುತ್ತೇವೆ. ಪೆಟ್ಟು ಬಿದ್ದ ಮೇಲೆ ಮತ್ತೆ ಅಳೆದು ಹೋಲಿಸುತ್ತೇವೆ. ನನ್ನ ಕೈಕೆಳಗೆ ಇದ್ದ ಒಬ್ಬ ವಾಕ್-ಆನ್ ಲೈನ್‌ಬ್ಯಾಕರ್ ಮೊದಲ ಪರೀಕ್ಷೆಯಲ್ಲಿ ಬೇಕಂತಲೇ ಕಡಿಮೆ ಅಂಕ ತೆಗೆದಿದ್ದ. ಮುಂದೆ ಪೆಟ್ಟು ಬಿದ್ದರೂ ವ್ಯತ್ಯಾಸ ಕಾಣಬಾರದು ಅಂತ! ನನಗೆ ಗೊತ್ತೇ ಆಗಲಿಲ್ಲ. ಆಟ ಬಿಟ್ಟು ನಾಲ್ಕು ವರ್ಷದ ಮೇಲೆ ಅವನೇ ಕಾಫಿ ಕುಡಿಯುತ್ತಾ ಹೇಳಿದ. 'ಯಾಕಪ್ಪಾ ಹಾಗೆ ಮಾಡಿದೆ' ಅಂದೆ. 'ಒಂದು ವಾರ ಹೊರಗೆ ಕೂತಿದ್ದರೆ ನನ್ನ ಹೆಸರು ಯಾರಿಗೆ ನೆನಪಿರುತ್ತಿತ್ತು' ಅಂದ. ಸ್ಕಾಲರ್‌ಶಿಪ್ ಇರುವ ಹುಡುಗ ನೋವು ಹೇಳುತ್ತಾನೆ. ಜಾಗ ಗಟ್ಟಿಯಿಲ್ಲದ ಹುಡುಗ ಮುಚ್ಚಿಡುತ್ತಾನೆ. ಇಷ್ಟು ವರ್ಷದಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇದು.

ಈ ಕಣ್ಣಿನಿಂದ ನಿಮ್ಮ ಮೂರು ಕಾಲೇಜು ನೋಡೋಣ.

ದೊಡ್ಡ ವಿಶ್ವವಿದ್ಯಾಲಯದ ವಾಕ್-ಆನ್. ವೈದ್ಯರು, ಯಂತ್ರಗಳು, ಊಟ, ಎಲ್ಲ ಮೊದಲ ದರ್ಜೆ. ವ್ಯಾಂಡರ್ ಎಶ್ ಕಥೆ ಕೇಳಿ ನಿಮ್ಮ ಮಗನ ಕಣ್ಣು ಅರಳುತ್ತದೆ. ಆದರೆ ಅವನು ಬಂದದ್ದು 2014ರಲ್ಲಿ. ಆಟಗಾರರಿಗೆ ಹಣ ಕೊಡುವ ವಿಷಯದಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಾದ ಮೇಲೆ ಆ ವ್ಯವಸ್ಥೆಗೆ ಸೇರಿದ ಕಾಲೇಜುಗಳಲ್ಲಿ ಫುಟ್‌ಬಾಲ್ ತಂಡಕ್ಕೆ 105 ಜನರ ಮಿತಿ ಬಂತು. ಮೊದಲು ನೂರಿಪ್ಪತ್ತು ದಾಟಿದ ತಂಡಗಳಿದ್ದವು. ಕಡಿಮೆಯಾದ ಜಾಗಗಳು ಹೆಚ್ಚಾಗಿ ವಾಕ್-ಆನ್‌ಗಳದ್ದು. ಜೊತೆಗೆ ಆಟಗಾರರು ಕಾಲೇಜು ಬದಲಿಸುವ ಟ್ರಾನ್ಸ್‌ಫರ್ ಪೋರ್ಟಲ್. ನಿಮ್ಮ ಮಗ ಎರಡು ವರ್ಷ ಕಾದು ಸರದಿ ಬಂತು ಅನ್ನುವಾಗ ಬೇರೆ ಕಾಲೇಜಿನಿಂದ ಪಳಗಿದ ಲೈನ್‌ಬ್ಯಾಕರ್ ಒಬ್ಬನನ್ನು ಕರೆತಂದುಬಿಡಬಹುದು. 'ಪ್ರಿಫರ್ಡ್' ಅನ್ನುವುದು ಮಾತು, ಕರಾರು ಅಲ್ಲ. ಒಂದು ಸಲ ಆಗಲೇ ಪೆಟ್ಟು ಮುಚ್ಚಿಟ್ಟ ಹುಡುಗನನ್ನು, ಮುಚ್ಚಿಟ್ಟರೇ ಉಳಿವು ಅನ್ನಿಸುವ ಜಾಗಕ್ಕೆ ಕಳಿಸಲು ನನಗೆ ಮನಸ್ಸು ಬಾರದು.

ಎಫ್‌ಸಿಎಸ್ ಕಾಲೇಜು ನನಗೆ ಹೆಚ್ಚು ಒಪ್ಪಿಗೆ. ಅರ್ಧ ದುಡ್ಡು ಕೊಟ್ಟವರು ಹುಡುಗನನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲ. ಎರಡನೇ ವರ್ಷಕ್ಕೆ ಮೈದಾನ ಸಿಗಬಹುದು. ಚೆನ್ನಾಗಿ ಆಡಿದರೆ ಮೇಲಿನವರು ತಾವೇ ಹುಡುಕಿ ಬರುತ್ತಾರೆ, ಪೋರ್ಟಲ್ ಆ ಕಡೆಗೂ ತೆರೆಯುತ್ತದೆ ಅಲ್ವಾ? ಆದರೆ ಸ್ಕಾಲರ್‌ಶಿಪ್ ಒಂದು ವರ್ಷದ್ದೋ ನಾಲ್ಕು ವರ್ಷದ್ದೋ, ಗಾಯವಾಗಿ ಆಡಲಾಗದಿದ್ದರೆ ಉಳಿಯುತ್ತದೋ, ಬರಹದಲ್ಲಿ ಕೇಳಿ. ಓದಿನ ವಿಷಯದಲ್ಲಿ ತೊಂದರೆ ಇದೆ. ನಿಯಮದಲ್ಲಿ ವಾರಕ್ಕೆ 20 ಗಂಟೆ ಅಂತ ಇದೆ. ಪಟ್ಟಿ ಸುತ್ತಿಸಿಕೊಳ್ಳುವುದು, ಪ್ರಯಾಣ, 'ಇಷ್ಟವಿದ್ದರೆ ಬಾ' ಅನ್ನುವ ವಿಡಿಯೊ ಪಾಠ ಆ ಲೆಕ್ಕಕ್ಕೆ ಬರುವುದಿಲ್ಲ. ಎಂಜಿನಿಯರಿಂಗ್ ಲ್ಯಾಬ್ ಮಧ್ಯಾಹ್ನವೇ ಇರುತ್ತದೆ, ಅಭ್ಯಾಸವೂ ಮಧ್ಯಾಹ್ನವೇ. ಈಗ ಆ ತಂಡದಲ್ಲಿ ಎಷ್ಟು ಜನ ಎಂಜಿನಿಯರಿಂಗ್ ಓದುತ್ತಿದ್ದಾರೆ ಅಂತ ಕೇಳಿ. ಸೊನ್ನೆ ಅಂದರೆ ಅದೇ ಉತ್ತರ.

ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲ. ಅಂಕ ನೋಡಿ, ಮನೆಯ ಆದಾಯ ನೋಡಿ ಕೊಡುವ ನೆರವು ಇದೆ, ಕೆಲವೊಮ್ಮೆ ಅದು ಅರ್ಧ ಸ್ಕಾಲರ್‌ಶಿಪ್‌ಗಿಂತ ಜಾಸ್ತಿ ಆಗುತ್ತದೆ. ಕೂತು ಲೆಕ್ಕ ಹಾಕಿ. ಇಲ್ಲಿ ಆಟ ಬಿಟ್ಟರೂ ನೆರವು ಹೋಗುವುದಿಲ್ಲ. ಅಂದರೆ ತಲೆನೋವು ಅಂತ ಹೇಳಲು ಹುಡುಗನಿಗೆ ಭಯ ಕಡಿಮೆ. ಒಂದೇ ಕೊರತೆ, ಚಿಕ್ಕ ಕಾಲೇಜುಗಳಲ್ಲಿ ನನ್ನಂಥವರು ಇಬ್ಬರೋ ಮೂವರೋ ಇದ್ದು ಹತ್ತಾರು ಆಟ ನೋಡಿಕೊಳ್ಳುತ್ತಿರುತ್ತಾರೆ. ಅಭ್ಯಾಸದ ಹೊತ್ತಿನಲ್ಲಿ ಮೈದಾನದಲ್ಲಿ ಒಬ್ಬರು ಇರುತ್ತಾರಾ, ವೈದ್ಯರು ಎಷ್ಟು ದೂರ, ಕೇಳಬೇಕು.

ನಾಲ್ಕನೆಯದು ನಿಮ್ಮ ಯಜಮಾನರದ್ದು, ಆಟ ಬಿಡುವುದು. ಅದನ್ನು ನಾನು ತಪ್ಪು ಅನ್ನುವುದಿಲ್ಲ. ಮೇಲಿನ 30% ಲೆಕ್ಕ ಅವರ ಪರವಾಗಿಯೇ ಇದೆ. ಆದರೆ ಅಪ್ಪ ಬಿಡಿಸಿದ್ದಕ್ಕೂ ಮಗ ತಾನೇ ತಿಳಿದು ಬಿಟ್ಟದ್ದಕ್ಕೂ ಬಹಳ ವ್ಯತ್ಯಾಸ. ಬಿಡಿಸಿದ ಹುಡುಗರಲ್ಲಿ ಕೆಲವರು ಕಾಲೇಜಿಗೆ ಹೋದ ಮೇಲೆ ಮನೆಗೆ ಹೇಳದೆ ಟ್ರಯಲ್‌ಗೆ ಹೋದದ್ದನ್ನು ನೋಡಿದ್ದೇನೆ. ಆಗ ಪೆಟ್ಟು ಬಿದ್ದರೆ ಮನೆಗೆ ಹೇಳುವ ದಾರಿಯೇ ಮುಚ್ಚಿರುತ್ತದೆ.

ದುಡ್ಡಿನ ಬಗ್ಗೆ ಒಂದು ಅಡ್ಡ ಮಾತು, ನಿಮಗಲ್ಲ, ಇದನ್ನು ಓದುವ ಬೇರೆ ಮನೆಗಳಿಗೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಮಾಡಬಹುದು. ನಿಮ್ಮ ಮಗ ಇಲ್ಲಿ ಹುಟ್ಟಿದವನು, ತೊಂದರೆ ಇಲ್ಲ. ಎಚ್-4 (ಎಚ್-1ಬಿಯವರ ಕುಟುಂಬದ ವೀಸಾ) ಅಥವಾ ವಿದ್ಯಾರ್ಥಿ ವೀಸಾದಲ್ಲಿರುವ ಮಕ್ಕಳು ಮಾತ್ರ ವಲಸೆ ವಕೀಲರನ್ನು ಕೇಳದೆ ಒಂದು ಟೀ ಶರ್ಟ್ ಒಪ್ಪಂದಕ್ಕೂ ಸಹಿ ಹಾಕಬಾರದು. ವೀಸಾಕ್ಕೇ ಕುತ್ತು ಬರಬಹುದು.

ಕಾಲೇಜಿಗೆ ಹೋದ ದಿನ ಕೋಚ್‌ಗಳು ಸ್ಟೇಡಿಯಂ ತೋರಿಸುತ್ತಾರೆ, ಲಾಕರ್ ತೋರಿಸುತ್ತಾರೆ, ಜೆರ್ಸಿ ಹಾಕಿಸಿ ಫೋಟೊ ತೆಗೆಸುತ್ತಾರೆ. ಎಲ್ಲ ಆಗಲಿ. ಆಮೇಲೆ ಅಥ್ಲೆಟಿಕ್ ಟ್ರೈನರ್ ಕೋಣೆಗೆ ಹೋಗಬೇಕು ಅನ್ನಿ. ಅಲ್ಲಿ ಕೇಳಿ, 'ನಿಮಗೆ ಮೇಲಧಿಕಾರಿ ಯಾರು? ಫುಟ್‌ಬಾಲ್ ಕೋಚಾ, ವೈದ್ಯಕೀಯ ವಿಭಾಗವಾ?' ವೈದ್ಯಕೀಯ ವಿಭಾಗ ಅಂದರೆ ಸಮಾಧಾನ. ತಡವರಿಸಿದರೆ ಅರ್ಥ ಮಾಡಿಕೊಳ್ಳಿ. ಗಾಯವಾದರೆ ಮೊದಲು ಯಾರ ವಿಮೆ, ನಿಮ್ಮದೋ ಕಾಲೇಜಿನದೋ, ಅದನ್ನೂ ಕೇಳಿ. 2024ರ ಆಗಸ್ಟ್‌ನಿಂದ ಆಟ ಮುಗಿದ ಮೇಲೂ ಎರಡು ವರ್ಷ ಆಟದ ಗಾಯಕ್ಕೆ ಎನ್‌ಸಿಎಎ ವಿಮೆ ಇದೆ. ಅದು ನಿಮ್ಮ ವಿಮೆಯ ಮೇಲಿನ ಹೆಚ್ಚುವರಿ, ಬದಲಿ ಅಲ್ಲ. ಲೈನ್‌ಬ್ಯಾಕರ್ ಕೋಚ್ ಸಿಕ್ಕರೆ 'ನನ್ನ ಮಗನನ್ನು ಮೊದಲ ವರ್ಷ ಏನು ಮಾಡಿಸುತ್ತೀರಿ' ಅಂತ ಕೇಳಿ. ತೂಕ ಒಂದನ್ನೇ ಹೇಳಿದವರಿಗಿಂತ, ವಿಡಿಯೊ ಕೋಣೆ, ಗಾರ್ಡ್‌ನ ಹೆಜ್ಜೆ, ಸ್ಪೆಷಲ್ ಟೀಮ್ಸ್ ಅಂತ ಬಿಡಿಸಿ ಹೇಳಿದವರ ಹತ್ತಿರ ಹುಡುಗ ಕಲಿಯುತ್ತಾನೆ.

ಅದಕ್ಕೂ ಮೊದಲು ಮನೆಯಲ್ಲಿ ಒಂದು ಕೆಲಸ ಇದೆ. ಯಜಮಾನರನ್ನೂ ಮಗನನ್ನೂ ಒಂದು ಸಂಜೆ ಕೂರಿಸಿ ಅವನ ಒಂದು ಪಂದ್ಯದ ವಿಡಿಯೊ ಹಾಕಿಸಿ. ಗಾರ್ಡ್ ಯಾರು, ನೀನು ಎತ್ತ ನೋಡುತ್ತಿದ್ದೆ, ಅಂತ ಅಪ್ಪ ಕೇಳಲಿ. ಹುಡುಗ ಮಾತಾಡುತ್ತಾನೆ ನೋಡಿ. ಅಕ್ಟೋಬರ್‌ನ ಆ ಪಂದ್ಯ ಮಾತ್ರ ಮೊದಲ ಸಂಜೆಗೆ ಬೇಡ. ಮತ್ತೆ, ಅವತ್ತಿನ ಕನ್ಕಶನ್‌ನ ಪೂರ್ತಿ ದಾಖಲೆ, ವೈದ್ಯರ ಸಹಿ ಇರುವ ಪ್ರತಿ, ಶಾಲೆಯಿಂದ ಈಗಲೇ ತೆಗೆದಿಟ್ಟುಕೊಳ್ಳಿ. ಕಾಲೇಜಿನ ಆರೋಗ್ಯ ಫಾರಂನಲ್ಲಿ 'ಹಿಂದೆ ಕನ್ಕಶನ್ ಆಗಿದೆಯೇ' ಅನ್ನುವ ಕಡೆ ಹೌದು ಅಂತ ಅವನ ಕೈಯಲ್ಲೇ ಬರೆಸಿ.